ಚಿಕ್ಕಪ್ಪನ ಷಟ್ಪದಿಗೆ ಒಂದು ವಿಎಸ್ ಕೋಡ್ ಪ್ಲಗಿನ್

ನಮ್ಮ ಚಿಕ್ಕಪ್ಪ ಯಾರ ಮನೆಯ ಮದುವೆಗೆ ಹೋದರೂ ಮುಯ್ಯಿ ಲಕೋಟೆಯ ಜೊತೆ ಒಂದು ಭಾಮಿನಿ ಷಟ್ಪದಿಯನ್ನೂ ಬರೆದುಕೊಂಡು ಹೋಗುತ್ತಾರೆ. ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಈ ಚಟ ಇನ್ನಷ್ಟು ಬೆಳೆದಿದೆ. ಮೊದಲೆಲ್ಲ ಹಳೆ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು, ಪೆನ್ಸಿಲ್ಲಿನಲ್ಲಿ ಅಕ್ಷರದ ತಲೆಯ ಮೇಲೆ ಬಟ್ಟಲು, ಗೆರೆ ಹಾಕಿ ಮಾತ್ರೆ ಎಣಿಸುತ್ತಿದ್ದರು. ಈಗ ಅವರ ಮಗ ಬಿಟ್ಟುಹೋದ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಅವನು ಕಾಲೇಜಿನಲ್ಲಿದ್ದಾಗ ಹಾಕಿಕೊಂಡಿದ್ದ ವಿಎಸ್ ಕೋಡ್ ಇದೆ. "ಕರಿಹಲಗೆ ಥರ ಇದೆ, ಕಣ್ಣಿಗೆ ಹಿತ" ಎಂದು ಪದ್ಯಗಳನ್ನೆಲ್ಲ ಅದರಲ್ಲೇ ಟೈಪ್ ಮಾಡುತ್ತಾರೆ. ಪ್ರೋಗ್ರಾಮರುಗಳ ಎಡಿಟರಿನಲ್ಲಿ ಷಟ್ಪದಿ. ನನಗೇನೂ ತಕರಾರಿಲ್ಲ.

ತಕರಾರು ಇದ್ದದ್ದು ಅವರಿಗೆ. "ಪರದೆ ಮೇಲೆ ಪೆನ್ಸಿಲ್ ಹಿಡಿಯೂದು ಹೆಂಗೆ ಮಾರಾಯ?" ಎಂದರು. ಒಂದು ಶನಿವಾರ ಕೂತು ಪ್ಲಗಿನ್ (ಎಡಿಟರಿಗೆ ಹೊಸ ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಮು) ಬರೆದುಬಿಡೋಣ ಎಂದುಕೊಂಡೆ. ಮೂರು ಶನಿವಾರ ಹಿಡಿಯಿತು. ಎಡಿಟರಿನ ಕೆಲಸ ಅದರಲ್ಲಿ ಅರ್ಧ ದಿನದ್ದೂ ಅಲ್ಲ.

ಛಂದಸ್ಸು ಶಾಲೆಯಲ್ಲೇ ಬಿಟ್ಟವರಿಗೆ ಲೆಕ್ಕ ಚುಟುಕಾಗಿ ಹೇಳುತ್ತೇನೆ. ಮಾತ್ರೆ ಎಂದರೆ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ. ಗಿಡ್ಡ ಅಕ್ಷರ ಲಘು, ಅದಕ್ಕೆ 1 ಮಾತ್ರೆ; ಉದ್ದದ್ದು ಗುರು, ಅದಕ್ಕೆ 2. ದೀರ್ಘಸ್ವರ ಇದ್ದರೆ ಗುರು, ಅನುಸ್ವಾರ ವಿಸರ್ಗ ಇದ್ದರೆ ಗುರು, ಮುಂದೆ ಒತ್ತಕ್ಷರ ಬಂದರೂ ಗುರು. ಭಾಮಿನಿಯ ಆರು ಸಾಲಿನಲ್ಲಿ 1, 2, 4, 5ನೆಯವು 3+4+3+4, ಅಂದರೆ 14 ಮಾತ್ರೆ. ಇಲ್ಲಿನ ಒಂದೊಂದು ಗುಂಪಿಗೂ ಗಣ ಎಂದು ಹೆಸರು. 3 ಮತ್ತು 6ನೆಯ ಸಾಲು 3+4 ಮೂರು ಸಲ, ಕೊನೆಗೊಂದು ಗುರು: 23. ಪ್ಲಗಿನ್ ಮಾಡಬೇಕಾದ್ದು ಇಷ್ಟು: ಗುರು ಅಕ್ಷರದ ಹಿಂದೆ ತೆಳು ಬಣ್ಣ, ಸಾಲಿನ ಕೊನೆಗೆ ಗಣ ವಿಭಾಗ ಮತ್ತು ಮೊತ್ತ, ತಪ್ಪಿದ್ದರೆ ಕೆಂಪು.

ಮೊದಲ ಶನಿವಾರ. ಎಕ್ಸ್‌ಟೆನ್ಶನ್ (ಪ್ಲಗಿನ್‌ಗೆ ವಿಎಸ್ ಕೋಡಿನವರು ಹೇಳುವ ಹೆಸರು) ಬರೆಯಲು ಜಾವಾಸ್ಕ್ರಿಪ್ಟ್ ಭಾಷೆಯನ್ನು ಓಡಿಸುವ ನೋಡ್ ಬೇಕು, ಮೈಕ್ರೋಸಾಫ್ಟಿನವರೇ ಕೊಟ್ಟಿರುವ ಯೋಮನ್ ಜನರೇಟರ್ ಬೇಕು. ಟರ್ಮಿನಲ್ಲಿನಲ್ಲಿ 'ಯೋ ಕೋಡ್' ಎಂದರೆ ನಾಲ್ಕಾರು ಪ್ರಶ್ನೆ ಕೇಳಿ ಒಂದು ಫೋಲ್ಡರ್ ಕಟ್ಟಿಕೊಡುತ್ತದೆ. ಟೈಪ್‌ಸ್ಕ್ರಿಪ್ಟೋ ಜಾವಾಸ್ಕ್ರಿಪ್ಟೋ ಎಂಬ ಪ್ರಶ್ನೆಗೆ ಟೈಪ್‌ಸ್ಕ್ರಿಪ್ಟ್ ಅಂದೆ. ಆ ಫೋಲ್ಡರಿನಲ್ಲಿ ನೋಡಬೇಕಾದ ಫೈಲು ಎರಡೇ. ಒಂದು ಪ್ಯಾಕೇಜ್ ಜೇಸನ್: ನಾನು ಯಾರು, ಎಡಿಟರಿನ ಯಾವ ಆವೃತ್ತಿಯಿಂದ ಮೇಲೆ ಓಡುತ್ತೇನೆ, ನನ್ನನ್ನು ಯಾವಾಗ ಎಬ್ಬಿಸಬೇಕು ಎಂಬ ಜಾತಕ. ಇನ್ನೊಂದರಲ್ಲಿ 'ಆಕ್ಟಿವೇಟ್' ಎಂಬ ಫಂಕ್ಷನ್. ಎಡಿಟರ್ ಎಬ್ಬಿಸಿದಾಗ ಓಡುವುದು ಇದೇ. ಎಫ್5 ಒತ್ತಿದರೆ ಇನ್ನೊಂದು ವಿಎಸ್ ಕೋಡ್ ಕಿಟಕಿ ತೆರೆದು, ನಾವು ಬರೆದದ್ದು ಅದರೊಳಗೆ ಜೀವ ಪಡೆಯುತ್ತದೆ. ಎಕ್ಸ್‌ಟೆನ್ಶನ್‌ಗಳೆಲ್ಲ ಬೇರೆಯೇ ಪ್ರೋಸೆಸ್ಸಿನಲ್ಲಿ ಓಡುವುದರಿಂದ ನಾವು ಎಡವಟ್ಟು ಮಾಡಿದರೂ ಟೈಪ್ ಮಾಡುವ ಪರದೆ ಸಾಮಾನ್ಯವಾಗಿ ಕೂತುಬಿಡುವುದಿಲ್ಲ. ನನ್ನಂಥವರಿಗೆ ಇದು ದೊಡ್ಡ ಉಪಕಾರ.

ಪರೀಕ್ಷೆಗೆ ಪದ್ಯ ಬೇಕಲ್ಲ. ಚಿಕ್ಕಪ್ಪನದನ್ನು ಹಾಕಿ ತಪ್ಪು ಬಂದರೆ ತಪ್ಪು ಯಾರದು ಎಂದು ತಿಳಿಯುವುದಿಲ್ಲ. ಹಾಗಾಗಿ ನಾನೇ ಕೈಯಲ್ಲಿ ಎಣಿಸಿ ಮೂರು ಸಾಲು ಹೊಸೆದೆ:

ಮಳೆಯ ಹನಿಗಳು ಮನೆಯ ಮಾಡಿಗೆ
ಇಳಿದು ಬರುತಿರೆ ಬೆಳ್ಳಿನೂಲಿನ
ಎಳೆಗಳೆಲ್ಲವು ಹೊಳೆದು ಕಾಂಬುವು ಸಂಜೆ ಬೆಳಕಿನಲಿ

ಕವಿತೆಯ ದೃಷ್ಟಿಯಿಂದ ಇದಕ್ಕೆ ಮಾರ್ಕು ಕೊಡಬೇಡಿ. ಮಾತ್ರೆ ಮಾತ್ರ ಸರಿ ಇದೆ.

ಮೊದಲ ಸಮಸ್ಯೆ ಅಕ್ಷರ ಎಂದರೇನು ಎಂಬುದು. ಕಂಪ್ಯೂಟರಿಗೆ 'ಕನ್ನಡ' ಐದು ಸಂಕೇತ: ಕ, ನ, ್, ನ, ಡ. ನಮಗೆ ಮೂರು ಅಕ್ಷರ. 'ಸ್ತ್ರೀ' ಅಂತೂ ಆರು ಸಂಕೇತ, ಅಕ್ಷರ ಒಂದೇ. ಜಾವಾಸ್ಕ್ರಿಪ್ಟಿನಲ್ಲಿ ಇದಕ್ಕೆಂದೇ 'ಇಂಟಲ್ ಸೆಗ್ಮೆಂಟರ್' ಎಂಬ ಸೌಕರ್ಯ ಇದೆ, ಕಣ್ಣಿಗೆ ಕಾಣುವ ಅಕ್ಷರಗಳಾಗಿ ತುಂಡು ಮಾಡಿ ಕೊಡುತ್ತದೆ. ಇಪ್ಪತ್ತು ಸಾಲಿನಲ್ಲಿ ಕೆಲಸ ಮುಗಿಯಿತು ಎಂದು ಕಾಫಿ ಕುಡಿಯಲು ಎದ್ದೆ.

ವಾಪಸ್ ಬಂದು ನೋಡಿದರೆ 'ಬೆಳ್ಳಿ' ಎಂಬಲ್ಲಿ ಒತ್ತು ಕಳಚಿಕೊಂಡಿತ್ತು. ಆಗ ನಾನು ಪ್ರತಿ ಅಕ್ಷರಕ್ಕೂ ಒಂದು ಚೌಕಟ್ಟು ಹಾಕುತ್ತಿದ್ದೆ. ಅದರಲ್ಲಿ 'ಬೆ' ಒಂದು ಚೌಕ, 'ಳ್' ಒಂದು ಚೌಕ, 'ಳಿ' ಇನ್ನೊಂದು ಚೌಕ. ಫಾಂಟು ಕೆಟ್ಟಿದೆ ಎಂದುಕೊಂಡು ಅರ್ಧ ಗಂಟೆ ಫಾಂಟು ಬದಲಿಸಿದೆ. ಫಾಂಟಿನದು ಏನೂ ತಪ್ಪಿಲ್ಲ. ಸೆಗ್ಮೆಂಟರ್ ಕೊಟ್ಟ ತುಂಡುಗಳೇ ಹಾಗಿದ್ದವು. ಒತ್ತಕ್ಷರದ ನಡುವೆ ಡೆಕೊರೇಶನ್ (ಅಕ್ಷರಕ್ಕೆ ಎಡಿಟರ್ ಹಚ್ಚುವ ಬಣ್ಣ, ಚೌಕಟ್ಟು) ಕತ್ತರಿಸಿದರೆ ಪರದೆಯ ಮೇಲೂ ಅದು ಕತ್ತರಿಸಿಯೇ ಬೀಳುತ್ತದೆ.

ಕಾರಣ ಹುಡುಕುತ್ತ ಹೋದೆ. ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಕೇತ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ 2023ರಲ್ಲಿ ತಂದ 15.1 ಆವೃತ್ತಿಯಲ್ಲಿ ಭಾರತೀಯ ಒತ್ತಕ್ಷರಗಳನ್ನು ಒಡೆಯಬಾರದು ಎಂಬ ಹೊಸ ನಿಯಮ ಸೇರಿದೆ. ಆ ಆವೃತ್ತಿಯಲ್ಲಿ ಅದು ಅನ್ವಯಿಸಿದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಆ ನಿಯಮ ಇಳಿದಿರುವ ನೋಡ್‌ನಲ್ಲಿ 'ಅಮ್ಮ' ಎಂದು ತೆಲುಗು ಲಿಪಿಯಲ್ಲಿ ಬರೆದು ಕೊಟ್ಟರೆ 2 ತುಂಡು, ಕನ್ನಡದಲ್ಲಿ ಕೊಟ್ಟರೆ 3. ಅಕ್ಕಪಕ್ಕದ ಮನೆ, ಒಂದೇ ಅಮ್ಮ, ಲೆಕ್ಕ ಬೇರೆ.

ಸರಿ, ನಾವೇ ಬರೆದುಕೊಳ್ಳೋಣ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಇದೆ, ದಶಮಾನದಲ್ಲಿ 3200ರಿಂದ 3327. ವ್ಯಂಜನಗಳು 3221ರಿಂದ 3257ರವರೆಗೆ, ವಿರಾಮ ಚಿಹ್ನೆ (್) 3277. ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬರೆದದ್ದನ್ನು ಮಾತಿನಲ್ಲಿ ಹೇಳಿದರೆ ಹೀಗೆ:

ಸ್ವರ, ಹಿಂದೆಯೇ ಂ ಅಥವಾ ಃ ಇರಬಹುದು.
(ವ್ಯಂಜನ ್) ಎಷ್ಟು ಸಲವಾದರೂ, ಆಮೇಲೆ ಒಂದು ವ್ಯಂಜನ, ಕಾಗುಣಿತದ ಚಿಹ್ನೆ ಇರಬಹುದು, ಂ ಅಥವಾ ಃ ಇರಬಹುದು.
(ವ್ಯಂಜನ ್) ಒಂದು ಅಥವಾ ಹೆಚ್ಚು. ಮುಂದೆ ವ್ಯಂಜನ ಇಲ್ಲ.

ಮೂರನೆಯದು 'ಬಸ್' ಪದದ 'ಸ್' ಥರದ್ದಕ್ಕೆ. ಅದಕ್ಕೆ ಸ್ವಂತ ಮಾತ್ರೆ ಇಲ್ಲ, ಹಿಂದಿನದನ್ನು ಗುರು ಮಾಡುತ್ತದೆ ಅಷ್ಟೆ. ಮೊದಲ ಕರಡಿನಲ್ಲಿ ನಾನು ಅದಕ್ಕೂ 1 ಕೊಟ್ಟಿದ್ದೆ. ಚಿಕ್ಕಪ್ಪ ಮೊಮ್ಮಗನಿಗೆ ಕೆಲಸ ಸಿಕ್ಕ ಪದ್ಯದಲ್ಲಿ 'ಸಾಫ್ಟ್‌ವೇರಿನ' ಎಂದು ಬರೆದಿದ್ದರು. ಅದಕ್ಕೆ ನನ್ನ ಪ್ಲಗಿನ್ 7 ಎಂದಿತು, ಸರಿಯಾದದ್ದು 6. ಈ ಪದದ ಟಕಾರ ವಕಾರಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿದೆ (8204ನೆಯದು), ಒತ್ತು ಆಗದಂತೆ ತಡೆಯುವುದು ಅದರ ಉದ್ಯೋಗ. ಅದರ ತಮ್ಮ 8205 ಇನ್ನೊಂದು ಕಡೆ ಬರುತ್ತದೆ: 'ರ‍್ಯಾಂಕ್' ಎಂದು ಅರ್ಕಾವತ್ತು ಬೀಳದಂತೆ ಬರೆಯುವಾಗ ರಕಾರದ ಬೆನ್ನಿಗೆ, ವಿರಾಮಕ್ಕಿಂತ ಮೊದಲು. ಮೊದಲನೆಯವನು ಅಕ್ಷರ ಒಡೆಯುತ್ತಾನೆ, ಎರಡನೆಯವನು ಒಡೆಯುವುದಿಲ್ಲ. ಇಬ್ಬರಿಗೂ ಜಾಗ ಮಾಡಿಕೊಟ್ಟೆ.

ಇನ್ನೊಂದು ಕಾಣದ ಕಾಟ ಓಕಾರದಿಂದ ಬಂತು. ಚಿಕ್ಕಪ್ಪ ಎಲ್ಲಿಂದಲೋ ಅಂಟಿಸಿದ್ದ ಒಂದು ಸಾಲಿನಲ್ಲಿ 'ಕೋ' ಎಂಬುದು ಸರಿಯಾಗಿಯೇ ಕಾಣುತ್ತಿತ್ತು, ಪ್ಲಗಿನ್ ಮಾತ್ರ ಅದರ ನಡುವೆ ಒಡೆಯುತ್ತಿತ್ತು. ಒಳಗೆ ಬಗೆದು ನೋಡಿದರೆ ಓಕಾರ ಒಂದೇ ಚಿಹ್ನೆಯಾಗಿರದೆ ಎತ್ವ, ಊಕಾರದ ಕೊಂಬು, ದೀರ್ಘದ ಬಾಲ ಎಂದು ಮೂರಾಗಿತ್ತು. ಯೂನಿಕೋಡ್ ಪ್ರಕಾರ ಎರಡೂ ಒಂದೇ. ಸಾಲನ್ನು ನಾರ್ಮಲೈಸ್ ಮಾಡಿದರೆ ಮೂರೂ ಕೂಡಿ ಒಂದಾಗುತ್ತವೆ, ನಿಜ. ಆದರೆ ಆಗ ಸಂಕೇತಗಳ ಸಂಖ್ಯೆ ಕಡಿಮೆಯಾಗಿ, ಬಣ್ಣ ಹಚ್ಚುವ ಜಾಗ ಮುಂದಿನ ಅಕ್ಷರಗಳಿಗೆಲ್ಲ ಎರಡೆರಡು ಮನೆ ಹಿಂದೆ ಸರಿಯುತ್ತದೆ. ಹಾಗಾಗಿ ಸಾಲನ್ನು ಮುಟ್ಟದೆ, ಕಾಗುಣಿತದ ಚಿಹ್ನೆ ಒಂದರಿಂದ ಮೂರರವರೆಗೆ ಇರಬಹುದು ಎಂದು ನಿಯಮವನ್ನೇ ಸಡಿಲಿಸಿದೆ.

ಎರಡನೆಯ ಶನಿವಾರ ಬಣ್ಣದ ಕೆಲಸ. ವಿಎಸ್ ಕೋಡಿನಲ್ಲಿ ಅಕ್ಷರದ ತಲೆಯ ಮೇಲೆ ಏನನ್ನಾದರೂ ಬರೆಯುವ ಸೌಲಭ್ಯ ಡೆಕೊರೇಶನ್ನುಗಳಿಗೆ ಇಲ್ಲ. ಹಿನ್ನೆಲೆ ಬಣ್ಣ ಹಾಕಬಹುದು, ಪಠ್ಯದ ಮುಂದೆ ಅಥವಾ ಹಿಂದೆ ಬೇರೆ ಪಠ್ಯ ತೋರಿಸಬಹುದು. ಚಿಕ್ಕಪ್ಪನ ಪೆನ್ಸಿಲ್ ಪದ್ಧತಿ ಆಗುವುದಿಲ್ಲ ಎಂದಾಯಿತು. ಚೌಕಟ್ಟು ತೆಗೆದುಹಾಕಿ, ಗುರುವಿಗೆ ತೆಳು ಹಳದಿ ಹಿನ್ನೆಲೆ ಕೊಟ್ಟು, ಸಾಲಿನ ಕೊನೆಗೆ ಬೂದು ಬಣ್ಣದಲ್ಲಿ ಹೀಗೆ ತೋರಿಸಿದೆ (∪ ಲಘು, – ಗುರು):

∪∪∪ | ∪∪∪∪ | –∪ | –∪∪   14

ಮೇಲಿನ ಎರಡನೆಯ ಸಾಲಿನ ಜಾತಕ ಇದು. ನೋಡಿ ಖುಷಿಯಾಯಿತು. ಐದು ನಿಮಿಷ ಟೈಪ್ ಮಾಡುವಷ್ಟರಲ್ಲಿ ತೆಳು ಹಳದಿ ದಟ್ಟ ಹಳದಿಯಾಗಿ, ಅರಿಶಿನವಾಗಿ, ಕೊನೆಗೆ ಅಕ್ಷರವೇ ಕಾಣದ ಹಾಗಾಯಿತು. ಡೆಕೊರೇಶನ್ನಿನ ಬಗೆಯನ್ನು ಒಮ್ಮೆ ಮಾತ್ರ ಹುಟ್ಟಿಸಬೇಕು, ಆಮೇಲೆ ಅದಕ್ಕೇ ಹೊಸ ಜಾಗಗಳ ಪಟ್ಟಿ ಕೊಡುತ್ತ ಹೋಗಬೇಕು. ನಾನು ಪ್ರತಿ ಕೀ ಒತ್ತಿದಾಗಲೂ ಹೊಸದನ್ನು ಹುಟ್ಟಿಸುತ್ತಿದ್ದೆ. ಹಳೆಯವು ಸಾಯದೆ ಒಂದರ ಮೇಲೊಂದು ಪದರ ಕಟ್ಟಿದ್ದವು. ಆ ಒಂದು ಸಾಲನ್ನು ಫಂಕ್ಷನ್ನಿನಿಂದ ಹೊರಗೆ, ಆಕ್ಟಿವೇಟ್‌ನ ಮೊದಲಿಗೆ ಎತ್ತಿ ಹಾಕಿದ್ದೇ ರಿಪೇರಿ. ಜೊತೆಗೇ, ಕೊನೆಯ ಕೀ ಒತ್ತಿ 200 ಮಿಲಿಸೆಕೆಂಡ್ ಆದ ಮೇಲಷ್ಟೇ ಎಣಿಸು ಎಂದೂ ಸೇರಿಸಿದೆ. ಯಾರೂ ಅದಕ್ಕಿಂತ ಬೇಗ ಷಟ್ಪದಿ ಬರೆಯುವುದಿಲ್ಲ.

ನನ್ನ ಮೂರನೆಯ ಸಾಲು 22 ಎಂದು ಕೆಂಪಾಗಿತ್ತು. ಕೊನೆಯ 'ಲಿ' ಲಘು. ಆದರೆ 3 ಮತ್ತು 6ನೆಯ ಸಾಲಿನ ಕೊನೆಯ ಅಕ್ಷರ ಲಘುವಾದರೂ ಗುರು ಎಂದೇ ಲೆಕ್ಕ. ಒಂದು ಷರತ್ತು ಸೇರಿಸಿದೆ, 23 ಆಯಿತು. ಎಲ್ಲೂ ಕೆಂಪಿಲ್ಲ. ಚಿಕ್ಕಪ್ಪನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ.

ಫೋನು ಬಂತು. "ಇದಕ್ಕೆ ಸರಿಯಾದ ಪರೀಕ್ಷೆ ಕೊಡ್ತೆ, ಬರಕೋ" ಎಂದು ನನ್ನದೇ ಸಾಲನ್ನು ತಿರುಚಿ ಹೇಳಿದರು: 'ಮಾಡಿನ ಮೇಲೆ ಮಳೆಯ ಹನಿಗಳು.' ಹಾಕಿದೆ. 14, ಕೆಂಪಿಲ್ಲ. ಹೇಳಿದೆ. "ಈಗ ಓದು, ದೊಡ್ಡಕೆ." ಓದಿದೆ. "ಕುಂಟಿತಾ?" ಕುಂಟಿತು. 'ಮಾಡಿ' ಮೂರು ಮಾತ್ರೆ, ಅದಾದ ಮೇಲೆ 'ನಮೇಲೆ' ನಾಲ್ಕು. ಅಂಕಿ ಸರಿ, ಆದರೆ ಆ ಗಣದಲ್ಲಿ ಲಘುವಿನ ಬೆನ್ನಿಗೇ ಗುರು ಬಂದಿದೆ: ∪–∪. ಮಾತ್ರಾಗಣ ಹೀಗೆ ಶುರುವಾಗಬಾರದು. ಕಾಲು ಎತ್ತಿ ಇಡುವಷ್ಟರಲ್ಲಿ ನೆಲ ಜಾರಿದ ಹಾಗೆ. ಕೂಡಿಸುವುದಷ್ಟನ್ನೇ ಕಲಿತಿದ್ದ ನನ್ನ ಪ್ಲಗಿನ್‌ಗೆ ಅದು ಕೇಳಿಸಲೇ ಇಲ್ಲ.

ಆ ದಿನದ ಉಳಿದ ಹೊತ್ತು ಫೋನಿನಲ್ಲೇ ಕಳೆಯಿತು. ಗಣ ಲಘು–ಗುರುವಿನಿಂದ ಶುರುವಾದರೆ ಕಿತ್ತಳೆ ಬಣ್ಣ ಎಂದು ಸೇರಿಸಿದೆ. ಗಣದ ಗಡಿ ಒಂದು ಗುರುವಿನ ನಡುವೆ ಬಿದ್ದರೆ ಕೆಂಪು. ಆಮೇಲೆ ಅವರು ಕೊಟ್ಟ ಇನ್ನೊಂದು ಪದ್ಯದಲ್ಲಿ ಮೊದಲ ಸಾಲು 'ಬೆ' ಎಂದು ಮುಗಿದು ಎರಡನೆಯದು 'ಳ್ಳಿ' ಎಂದು ಶುರುವಾಗಿತ್ತು. ಷಟ್ಪದಿಯಲ್ಲಿ ಪದ ಹೀಗೆ ಸಾಲು ದಾಟುವುದು ಮಾಮೂಲು. ನಾನು ಸಾಲು ಸಾಲಾಗಿ ಬೇರೆ ಬೇರೆ ಎಣಿಸುತ್ತಿದ್ದರಿಂದ ಆ 'ಬೆ'ಗೆ ಮುಂದಿನ ಒತ್ತು ಕಾಣದೆ ಸಾಲು 13ಕ್ಕೆ ನಿಂತಿತ್ತು. ಆರೂ ಸಾಲನ್ನು ಮೊದಲು ಒಂದೇ ಎಳೆಯಾಗಿ ಅಕ್ಷರಕ್ಕೆ ಒಡೆದು, ಗುರು ಲಘು ನಿರ್ಧರಿಸಿ, ಆಮೇಲೆ ಸಾಲುಗಳಿಗೆ ಹಂಚುವ ಹಾಗೆ ತಿದ್ದಿ ಬರೆದೆ. ಅರ್ಧಕ್ಕರ್ಧ ಕೋಡು ಬಿಸಾಡಬೇಕಾಯಿತು. ಮೊದಲೇ ಕೇಳಬಹುದಿತ್ತು.

ಶಿಥಿಲದ್ವಿತ್ವಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಹಳಗನ್ನಡದ 'ಅಮರ್ದು', 'ಬೆಮರ್ದು' ಥರದ ಪದಗಳಲ್ಲಿ ರಕಾರ ತೇಲಿಸಿ ಉಚ್ಚರಿಸುವುದರಿಂದ ಒತ್ತಕ್ಷರವಿದ್ದರೂ ಹಿಂದಿನದು ಗುರುವಾಗದೆ ಇರಬಹುದು. ಬರಹದಲ್ಲಿ ಇದಕ್ಕೆ ಯಾವ ಗುರುತೂ ಇಲ್ಲ, ನಾಲಿಗೆಗೆ ಮಾತ್ರ ಗೊತ್ತು. ಸೋತು ಸೆಟ್ಟಿಂಗ್ಸ್‌ನಲ್ಲಿ 'ಶಿಥಿಲ ಪದಗಳು' ಎಂಬ ಪಟ್ಟಿ ಇಟ್ಟೆ, ಬೇಕಾದ್ದನ್ನು ಚಿಕ್ಕಪ್ಪ ತಾವೇ ಸೇರಿಸಿಕೊಳ್ಳಲಿ ಎಂದು. ಅವರು ಮೊದಲ ದಿನವೇ ಹನ್ನೊಂದು ಪದ ಹೇಳಿ ಬರೆಸಿದರು. ಅದರಲ್ಲಿ ಎರಡರಲ್ಲಿ ಹಳಗನ್ನಡದ ೞಕಾರ ಇತ್ತು, ಪ್ಲಗಿನ್ ಅದನ್ನು ಅಕ್ಷರವೆಂದೇ ಒಪ್ಪಲಿಲ್ಲ. ನೋಡಿದರೆ ೞ ಉಳಿದ ವ್ಯಂಜನಗಳ ಸಾಲಿನಲ್ಲಿಲ್ಲ, ದೂರದ 3294ನೆಯ ಮನೆಯಲ್ಲಿದೆ. ಸಾಲದ್ದಕ್ಕೆ ಯೂನಿಕೋಡಿನಲ್ಲಿ ಅದರ ಅಧಿಕೃತ ಹೆಸರು 'ಫ' ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಎಂಬುದು ಅವರ ನಿಯಮ, ಹಾಗಾಗಿ ಪಕ್ಕದಲ್ಲಿ ಸರಿಯಾದ ಹೆಸರನ್ನು ಉಪನಾಮವಾಗಿ ಕೊಟ್ಟಿದ್ದಾರೆ. ಚಿಕ್ಕಪ್ಪನಿಗೆ ಇದನ್ನು ಹೇಳಿದ್ದು ತಪ್ಪಾಯಿತು. ಇಪ್ಪತ್ತು ನಿಮಿಷ ಬೈದರು, ನನಗೆ.

ಮೂರನೆಯ ಶನಿವಾರ ಅವರ ಲ್ಯಾಪ್‌ಟಾಪಿಗೆ ದಾಟಿಸುವ ಕೆಲಸ. ಪ್ಲಗಿನ್ನನ್ನು ಒಂದೇ ಫೈಲಾಗಿ ಕಟ್ಟುವ ಸಾಧನದ ಹೆಸರು ವಿಎಸ್‌ಸಿಇ, ಕಟ್ಟಿದ ಫೈಲು ವಿಎಸ್‌ಐಎಕ್ಸ್. ವಿಎಸ್ ಕೋಡಿನ ಪ್ಲಗಿನ್ ಅಂಗಡಿಗೆ ಹಾಕಬೇಕೆಂದಿಲ್ಲ, ಫೈಲನ್ನೇ ಕೊಟ್ಟು ಇನ್‌ಸ್ಟಾಲ್ ಮಾಡಬಹುದು. ಕಟ್ಟಲು ಹೋದರೆ, ರೀಡ್‌ಮೀ ಫೈಲನ್ನು ತಿದ್ದದೆ ಹಾಗೇ ಬಿಟ್ಟಿದ್ದೀರಿ, ಮೊದಲು ತಿದ್ದಿ ಎಂದು ನಿರಾಕರಿಸಿತು. ಒಳ್ಳೆಯ ಮೇಷ್ಟ್ರ ಗುಣ. ನಾಲ್ಕು ಸಾಲು ಬರೆದು ಮುಂದೆ ಹೋದೆ.

ಫೈಲನ್ನು ವಾಟ್ಸ್ಯಾಪಿನಲ್ಲಿ ಕಳಿಸಿ ವಿಡಿಯೋ ಕಾಲಿನಲ್ಲಿ ಕೂತೆವು. ಇನ್‌ಸ್ಟಾಲ್ ಆಗಲಿಲ್ಲ. ಎಡಿಟರಿನ ಆವೃತ್ತಿಗೆ ಇದು ಹೊಂದುವುದಿಲ್ಲ ಎಂಬ ಸಂದೇಶ. ಅವರದು ವಿಂಡೋಸ್ 7. ವಿಎಸ್ ಕೋಡ್ ಅದರ ಮೇಲೆ 1.70ಕ್ಕೇ ನಿಂತಿದೆ, ಮುಂದಿನವು ಅದರಲ್ಲಿ ಬರುವುದಿಲ್ಲ. ಜನರೇಟರ್ ನನ್ನ ಜಾತಕದಲ್ಲಿ ಆಗಿನ ಹೊಸ ಆವೃತ್ತಿಯನ್ನೇ ಕನಿಷ್ಠ ಎಂದು ಬರೆದಿತ್ತು. 1.70 ಎಂದು ಇಳಿಸಿದೆ. ಈಗ ವಿಎಸ್‌ಸಿಇ ಮತ್ತೆ ಮುನಿಯಿತು: ಟೈಪ್‌ಗಳ ಪ್ಯಾಕೇಜು (ಎಡಿಟರಿನ ಸೌಲಭ್ಯಗಳ ವಿವರಪಟ್ಟಿ) ಹೊಸದು, ಎಂಜಿನ್ (ನಾನು ಬರೆದ ಕನಿಷ್ಠ ಆವೃತ್ತಿ) ಹಳೆಯದು, ಹೊಂದುವುದಿಲ್ಲ. ಅದನ್ನೂ ಇಳಿಸಿದೆ. ಇನ್‌ಸ್ಟಾಲ್ ಆಯಿತು. ಪದ್ಯದ ಫೈಲು ತೆರೆದರು. ಏನೂ ಆಗಲಿಲ್ಲ. ಬಣ್ಣ ಇಲ್ಲ, ಅಂಕಿ ಇಲ್ಲ, ತಪ್ಪಿನ ಸಂದೇಶವೂ ಇಲ್ಲ.

ಇದು ಸಿಕ್ಕಲು ಒಂದೂವರೆ ಗಂಟೆ ಹಿಡಿಯಿತು. ನಾನು ಮೊದಲು ಸಾದಾ ಪಠ್ಯದ ಫೈಲಿಗೆಲ್ಲ ಎಬ್ಬಿಸು ಎಂದು ಹಾಕಿದ್ದೆ. ಆಗ ನನ್ನ ದಿನಸಿ ಪಟ್ಟಿಗೂ ಮಾತ್ರೆ ಎಣಿಸಿ ಕೆಂಪು ಹಚ್ಚುತ್ತಿದ್ದುದರಿಂದ, 'ಪದ್ಯ' ಎಂಬ ಹೊಸ ಭಾಷೆಯನ್ನೇ ನೋಂದಾಯಿಸಿ ಅದರ ಫೈಲುಗಳ ಹೆಸರಿನ ಕೊನೆಗೆ ಬೇರೆ ಬಾಲ ಕೊಟ್ಟಿದ್ದೆ. ನಮ್ಮದೇ ಭಾಷೆಯ ಫೈಲು ತೆರೆದಾಗ ಎಡಿಟರ್ ತಾನಾಗಿ ಎಬ್ಬಿಸುವ ಸೌಲಭ್ಯ ಬಂದದ್ದು 2022ರ ನವೆಂಬರಿನ 1.74ರಲ್ಲಿ. 1.70ಕ್ಕೆ ಅದು ತಿಳಿಯದು. 'ಈ ಭಾಷೆಯ ಫೈಲು ತೆರೆದಾಗ ಎಬ್ಬಿಸು' ಎಂದು ಜಾತಕದಲ್ಲಿ ಬಾಯಿಬಿಟ್ಟು ಬರೆಯಬೇಕು. ಒಂದು ಸಾಲು ಬರೆದೆ, ಮತ್ತೆ ಕಟ್ಟಿದೆ, ಮತ್ತೆ ಕಳಿಸಿದೆ. ಚಿಕ್ಕಪ್ಪನ ಪರದೆಯ ಮೇಲೆ ಹಳದಿ ಮೂಡಿತು. ಚಿಕ್ಕಮ್ಮ ಹಿಂದಿನಿಂದ ಬಗ್ಗಿ ನೋಡಿ "ಎಂತ, ಎಣ್ಣೆ ಚೆಲ್ಲಿದ ಹಾಗಿದೆ" ಎಂದರು.

ವಾರ್ಧಕ ಷಟ್ಪದಿಗೂ ಬೇಕು ಎಂದರು ಚಿಕ್ಕಪ್ಪ. ಅದು ಐದರ ಗಣ, ಸಾಲಿಗೆ 20, ಮೂರು ಮತ್ತು ಆರಕ್ಕೆ 32. ಪಟ್ಟಿಗೆ ಒಂದು ಸಾಲು ಸೇರಿಸಿದರೆ ಆಯಿತು. ಅದೇ ಹುಮ್ಮಸ್ಸಿನಲ್ಲಿ ಷಟ್ಪದಿಯ ಉಳಿದ ಬಗೆಗಳಾದ ಶರ, ಕುಸುಮ, ಭೋಗ, ಪರಿವರ್ಧಿನಿಗಳನ್ನೂ ಹಾಕಿಬಿಟ್ಟೆ. ಎರಡನೆಯ ಅಕ್ಷರದ ಪ್ರಾಸ ನೋಡುವುದು ಇನ್ನೂ ಬಾಕಿ ಇದೆ. ಕೋಡು ಒಟ್ಟು 240 ಸಾಲು, ಅದರಲ್ಲಿ ವಿಎಸ್ ಕೋಡಿಗೆ ಸಂಬಂಧಪಟ್ಟದ್ದು 60ರ ಆಸುಪಾಸು.

ಆ ಸಂಜೆ ಅವರು ತಮ್ಮ ಹಳೆಯ ಪದ್ಯಗಳನ್ನೆಲ್ಲ ಒಂದೊಂದಾಗಿ ಅದರಲ್ಲಿ ಹಾಕಿ ನೋಡಿದ್ದಾರೆ. ರಾತ್ರಿ ಒಂಬತ್ತೂವರೆಗೆ ಫೋನು: ಇಪ್ಪತ್ತು ವರ್ಷದ ಹಿಂದಿನ ಒಂದು ಮದುವೆಯ ಪದ್ಯದಲ್ಲಿ ಐದನೆಯ ಸಾಲು 15 ಎಂದು ಕೆಂಪು ತೋರಿಸುತ್ತಿದೆಯಂತೆ. ಆ ಪದ್ಯವನ್ನು ಚೌಕಟ್ಟು ಹಾಕಿಸಿ ಆ ಮನೆಯವರು ಈಗಲೂ ಜಗುಲಿಯಲ್ಲಿ ತೂಗುಹಾಕಿದ್ದಾರೆ. "ಅದು ಅಚ್ಚಿನವರ ತಪ್ಪು" ಎಂದರು. ಇರಬಹುದು ಎಂದೆ.

ಮರುದಿನ ಬೆಳಿಗ್ಗೆ ಮತ್ತೆ ಫೋನು. ಕೈಬರಹದ ಪ್ರತಿ ಟ್ರಂಕಿನಲ್ಲಿ ಸಿಕ್ಕಿತಂತೆ. "ಅಲ್ಲೂ 15 ಮಾರಾಯ. ಪೆನ್ಸಿಲ್ ಗುರುತೂ ಇದೆ, ಎಣಿಸಿದ್ದೇ ತಪ್ಪಿದ್ದೆ. ಸದ್ಯಕ್ಕೆ ಆ ಮನೆಯವರಿಗೆ ಈ ಪ್ಲಗಿನ್ ಗಿಗಿನ್ ಎಲ್ಲ ತೋರಿಸೂಕೆ ಹೋಗಬೇಡ."